ಮಂಗಳವಾರದ ಕೋಳಿ

ನಮ್ಮ ಮನೆಯಲ್ಲಿ ಕೋಳಿ ಅಂದರೆ ಭಾನುವಾರ. ಸೋಮವಾರ, ಶನಿವಾರ ದೇವರ ವಾರ. ಆ ಎರಡು ದಿನ ಮನೆಯೊಳಗೆ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಮಿಕ್ಕ ದಿನ ತಿನ್ನಬಾರದು ಅಂತ ಯಾರೂ ಹೇಳಿರಲಿಲ್ಲ. ಆದರೆ ಮಾಡುವವರು ಯಾರು? ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ ನಾಟಿ ಕೋಳಿ ಸಾರು ಅಂದರೆ ಅರ್ಧ ದಿನದ ಕೆಲಸ. ಅಪ್ಪ ಕೋಳಿ ಕುಯ್ದು, ಪುಕ್ಕ ಕಿತ್ತು, ಅರಿಶಿನ ಸವರಿ, ಸೌದೆ ಉರಿಯಲ್ಲಿ ಸುಟ್ಟು ಕೊಟ್ಟರೆ ಅಲ್ಲಿಗೆ ಅವರ ಕೆಲಸ ಮುಗಿಯಿತು. ಆಮೇಲಿನದೆಲ್ಲ ಅಮ್ಮನದು. ಈರುಳ್ಳಿ, ಬೆಳ್ಳುಳ್ಳಿ ಹುರಿಯಬೇಕು, ಕಾಯಿ ತುರಿಯಬೇಕು, ಧನಿಯ, ಚಕ್ಕೆ, ಲವಂಗ, ಗಸಗಸೆ ಒರಳಲ್ಲಿ ರುಬ್ಬಬೇಕು, ಆ ಕಡೆ ಮುದ್ದೆಗೆ ಎಸರಿಡಬೇಕು. ಎಲ್ಲರಿಗೂ ಬಡಿಸಿ ಅವಳು ತಟ್ಟೆ ಮುಂದೆ ಕೂರುವ ಹೊತ್ತಿಗೆ ತೊಡೆ, ಈಲಿ, ಗುಂಡಿಗೆ ಎಲ್ಲ ಖಾಲಿ. ಕತ್ತು, ಬೆನ್ನಿನ ಮೂಳೆ ಉಳಿದಿರುತ್ತಿದ್ದವು. ತನಗೆ ಅದೇ ಇಷ್ಟ ಅನ್ನುತ್ತಿದ್ದಳು. ನಾನು ತುಂಬಾ ವರ್ಷ ಅದನ್ನು ನಂಬಿದ್ದೆ.

ಈಗ ನಾನು ಮಂಗಳವಾರ ಕೋಳಿ ಮಾಡುತ್ತೇನೆ. ಅಮೆರಿಕದ ಮಿನಿಯಾಪೊಲಿಸ್ ಊರಿನ ಅಂಚಿನ ಒಂದು ಮನೆಯಲ್ಲಿ, ಡಿಸೆಂಬರಿನ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ. ಕೋಳಿ, ಮೇಲೆ ಚೀಸ್, ಅವನ್‌ನಲ್ಲಿ ಮೂವತ್ತೈದು ನಿಮಿಷ. ಒಗ್ಗರಣೆ ಇಲ್ಲ, ರುಬ್ಬುವುದಿಲ್ಲ, ತಿರುವುವುದಿಲ್ಲ. ಇದನ್ನು ಅಡುಗೆ ಅನ್ನಬೇಕೋ ಬೇಡವೋ ಅಂತ ನನಗೇ ಎಷ್ಟೋ ದಿನ ಅನುಮಾನವಿತ್ತು.

ಈ ಅಡುಗೆ ನಮ್ಮ ಮನೆಗೆ ಬಂದದ್ದು ಒಂದು ಟವೆಲ್‌ನಲ್ಲಿ ಸುತ್ತಿಕೊಂಡು. ಒಂಬತ್ತು ವರ್ಷದ ಹಿಂದಿನ ಮಾತು. ಜನವರಿಯಲ್ಲಿ ಮಗಳು ಹುಟ್ಟಿದ್ದಳು. ಬಾಣಂತನಕ್ಕೆ ಅಂತ ಅಮ್ಮ ಊರಿಂದ ಬಂದಿದ್ದಳು. ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ. ಸಂಜೆ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಪಕ್ಕದ ಮನೆಯ ಅಜ್ಜಿ, ಕೈಯಲ್ಲಿ ಒಂದು ಗಾಜಿನ ಟ್ರೇ. ಅದರ ತಳಕ್ಕೆ ಟೇಪ್ ಅಂಟಿಸಿ ತನ್ನ ಹೆಸರು ಬರೆದಿದ್ದರು. ನಮ್ಮ ಕಡೆ ಮದುವೆ ಮನೆಗೆ ಪಾತ್ರೆ ಕೊಡುವಾಗ ಹೆಸರು ಕೆತ್ತಿಸಿರುತ್ತಾರಲ್ಲ, ಹಾಗೇ. ಮಗು ನೋಡಲಿಲ್ಲ, ಒಳಗೂ ಬರಲಿಲ್ಲ. ಟ್ರೇ ಕೊಟ್ಟು, ಬಿಸಿ ಇದೆ ಹುಷಾರು ಅಂತ ಹೇಳಿ ಹೊರಟೇಬಿಟ್ಟರು.

ನಮ್ಮ ಊರಿರುವ ಮಿನೆಸೋಟಾ ರಾಜ್ಯದಲ್ಲಿ ಇದಕ್ಕೆ 'ಹಾಟ್‌ಡಿಶ್' ಅನ್ನುತ್ತಾರೆ. ಬೇರೆ ರಾಜ್ಯಗಳಲ್ಲಿ ಕ್ಯಾಸರೋಲ್. ಮಾಂಸ, ತರಕಾರಿ, ಒಂದು ಡಬ್ಬ ಸೂಪು, ಮೇಲೆ ಏನಾದರೂ ಗರಿಗರಿ. ಎಲ್ಲ ಒಂದೇ ಟ್ರೇಯಲ್ಲಿ ಬೇಯುತ್ತದೆ. ಮನೆಯಲ್ಲಿ ಸಾವಾದರೆ, ಮಗು ಹುಟ್ಟಿದರೆ, ಯಾರಿಗಾದರೂ ಆಪರೇಷನ್ ಆದರೆ, ಅಕ್ಕಪಕ್ಕದವರು ಇದನ್ನು ತಂದುಕೊಡುತ್ತಾರೆ. ಇದೇ ರಾಜ್ಯದ ಮ್ಯಾಂಕೇಟೊ ಊರಿನ ಚರ್ಚ್ ಹೆಂಗಸರು 1930ರಲ್ಲಿ ಮಾಡಿದ ಅಡುಗೆ ಪುಸ್ತಕದಲ್ಲಿ ಹಾಟ್‌ಡಿಶ್ ಮೊದಲು ಅಚ್ಚಾಯಿತು ಅಂತ ಹೇಳುತ್ತಾರೆ. 1934ರಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಅಣಬೆ ಸೂಪಿನ ಡಬ್ಬ ಬಂತು. ಅದಾದ ಮೇಲೆ ಇಲ್ಲಿನ ಹೆಂಗಸರಿಗೆ ಬಿಳಿ ಸಾಸ್ ಕಾಯಿಸುವ ಕೆಲಸವೂ ತಪ್ಪಿತು. ಇಲ್ಲಿಗೆ ಬಂದು ನೆಲೆಸಿದ ಸ್ವೀಡನ್, ನಾರ್ವೆ, ಜರ್ಮನಿಯವರಲ್ಲಿ ಲೂಥರನ್ ಚರ್ಚಿನವರು ಜಾಸ್ತಿ. ಹಾಗಾಗಿ ಆ ಸೂಪಿಗೆ 'ಲೂಥರನ್ ಬೈಂಡರ್' ಅಂತ ತಮಾಷೆಯ ಹೆಸರು. ಲೂಥರನ್ ಗೋಂದು ಅಂದುಕೊಳ್ಳಿ.

ಅಮ್ಮ ಟವೆಲ್ ಬಿಚ್ಚಿ ನೋಡಿದಳು. ಕೋಳಿ ತುಂಡು, ಬೆಳ್ಳಗಿನ ಗೊಜ್ಜು, ಮೇಲೆ ಹಳದಿ ಚೀಸ್ ಇನ್ನೂ ಗುಳುಗುಳು ಅನ್ನುತ್ತಿತ್ತು.

"ಇದೇನವ್ವಾ ಇದು? ಕೋಳಿ ಮೇಲೆ ಗಿಣ್ಣು ಕಾಯ್ಸವ್ರೆ?"

ಚೀಸ್‌ಗೆ ಕನ್ನಡ ನಿಘಂಟಿನಲ್ಲಿ ಗಿಣ್ಣು ಅಂತಲೇ ಇದೆ. ಕರು ಹಾಕಿದ ಹಸುವಿನ ಗಿಣ್ಣು ತಿಂದವರು ಯಾರೂ ಅದನ್ನು ಒಪ್ಪುವುದಿಲ್ಲ. ಆದರೆ ಅವತ್ತು ಅಮ್ಮ ನಿಘಂಟು ನೋಡದೇ ಅದೇ ಪದಕ್ಕೆ ಬಂದಿದ್ದಳು.

ಬಾಣಂತಿಗೆ ಇದನ್ನು ಕೊಡುವ ಮಾತೇ ಇಲ್ಲ. ನನಗೆ ಮೆಣಸು, ಬೆಳ್ಳುಳ್ಳಿ ಹಾಕಿದ ಸಾರು, ಬಿಸಿ ಅನ್ನ, ತುಪ್ಪ. ಟ್ರೇ ಹಾಗೇ ಕಟ್ಟೆ ಮೇಲೆ ಕೂತಿತು. ರಾತ್ರಿ ಎರಡು ಗಂಟೆಗೆ ಮಗುವಿಗೆ ಹಾಲು ಕುಡಿಸಿ ನೀರಿಗೆ ಅಂತ ಬಂದೆ. ಅಡುಗೆಮನೆಯ ದೀಪ ಉರಿಯುತ್ತಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮುಂದೆ ಟ್ರೇ, ಪಕ್ಕದಲ್ಲಿ ಊರಿಂದ ತಂದ ಖಾರದ ಪುಡಿ ಡಬ್ಬ. ಚೀಸ್ ಮೇಲೆ ಖಾರದ ಪುಡಿ ಉದುರಿಸಿಕೊಂಡು ಚಮಚದಲ್ಲಿ ತಿನ್ನುತ್ತಿದ್ದಳು. ನನ್ನ ನೋಡಿ ಒಂಥರಾ ಮುಖ ಮಾಡಿದಳು.

"ಬಿಸಾಕಕ್ಕೆ ಮನ್ಸು ಬರ್ನಿಲ್ಲ ಕಣವ್ವ. ಅವ್ಳು ಇದ ಮಾಡಕ್ಕೆ ಎಷ್ಟೊತ್ತು ನಿಂತಿದ್ಲೋ ಏನೋ."

ಬರಿ ಪಾತ್ರೆ ವಾಪಸ್ ಕೊಡಬಾರದು ಅಲ್ವಾ. ಮೂರನೇ ದಿನ ಟ್ರೇ ತೊಳೆದು, ತುಂಬಾ ರವೆ ಉಂಡೆ ಇಟ್ಟು ಕೊಟ್ಟಳು. ನಾನು ಜೊತೆಗೆ ಹೋಗಿ, ಅಮ್ಮನ ಪ್ರಶ್ನೆಯನ್ನೇ ಅಜ್ಜಿಗೆ ಕೇಳಿದೆ. ಅವರು ನಕ್ಕರು. ಕಲಸಿ ಇಡುವುದು ಹತ್ತು ನಿಮಿಷ, ಆಮೇಲೆ ಸೋಫಾ ಮೇಲೆ ಕೂತು ಹೆಣಿಗೆ ಹಾಕುತ್ತಿದ್ದೆ ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ನಂಬಲಿಲ್ಲ. "ಕೋಳಿ ಬೇಯ್ತಾ ಇರ್ಬೇಕಾದ್ರೆ ಕೂತ್ಕಂಡಿದ್ಲಾ?" ಅಂತ ದಾರಿಯುದ್ದಕ್ಕೂ ಕೇಳುತ್ತಲೇ ಬಂದಳು. ದಾರಿ ಅಂದರೆ ಇಪ್ಪತ್ತು ಹೆಜ್ಜೆ.

ಅಮ್ಮ ಊರಿಗೆ ಹೋದಳು. ನನ್ನ ರಜೆ ಮುಗಿಯಿತು. ಆಫೀಸು, ಡೇಕೇರ್, ಹಿಮ. ಮನೆ ಸೇರುವಾಗ ಐದೂವರೆ. ಭಾನುವಾರ ಮಾಡಿದ ಸಾರು ಸೋಮವಾರಕ್ಕೆ ಬರುತ್ತಿತ್ತು, ಅಲ್ಲಿಂದ ಮುಂದೆ ದಿನಾ ಅನ್ನ, ಮೊಸರು, ಉಪ್ಪಿನಕಾಯಿ. ವಾರದ ಮಧ್ಯೆ ಕೋಳಿ ಸಾರು ಮಾಡೋಣ ಅಂದರೆ ಇಲ್ಲಿನ ಮನೆಗಳು ಒಗ್ಗರಣೆಗೆ ಆಗಿ ಬಂದವಲ್ಲ. ಚಳಿಗಾಲದಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ. ಈರುಳ್ಳಿ ಕೆಂಪಗಾಗುವ ಮೊದಲೇ ಹೊಗೆ ಅಲಾರಂ ಕೂಗುತ್ತದೆ, ಮಗು ಬೆಚ್ಚಿ ಎದ್ದು ಅಳುತ್ತದೆ, ಗಂಡ ಕುರ್ಚಿ ಹತ್ತಿ ಟವೆಲ್ ಬೀಸುತ್ತಾನೆ. ಆಮೇಲೆ ಮೂರು ದಿನ ಕೋಟಿನಲ್ಲೆಲ್ಲ ಮಸಾಲೆ ವಾಸನೆ. ಆಫೀಸಿನ ಲಿಫ್ಟ್‌ನಲ್ಲಿ ನನಗೆ ನನ್ನದೇ ವಾಸನೆ ಬರುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಇಲ್ಲಿನ ಜನ ಏನೂ ಅನ್ನುವುದಿಲ್ಲ, ಅದೇ ಕಷ್ಟ.

ಆಗ ಆ ಟ್ರೇ ನೆನಪಾಯಿತು. ಸುಲಭ ಅಂದುಕೊಂಡೇ ಶುರು ಮಾಡಿದೆ. ಮೊದಲ ನಾಲ್ಕು ಸಲವೂ ಕೆಟ್ಟಿತು.

ಮೊದಲನೇ ಸಲ ಎದೆ ಮಾಂಸ ತಂದೆ. ಅಂಗಡಿಯಲ್ಲಿ ಅದೇ ಮುಂದೆ ಇಟ್ಟಿರುತ್ತಾರೆ, ನೋಡಲು ಚೆಂದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ದಪ್ಪ ಕಡೆ ಬೇಯುವ ಹೊತ್ತಿಗೆ ತೆಳ್ಳನೆಯ ಕಡೆ ಬೆಂಡಾಗಿತ್ತು. ಎರಡನೇ ಸಲ ಫ್ರೀಜರ್‌ನ ಬ್ರೊಕೊಲಿಯನ್ನು ಹಾಗೇ ಸುರಿದೆ. ಅದು ನೀರು ಬಿಟ್ಟು ಟ್ರೇ ತುಂಬಾ ಕೆರೆ. ಮೂರನೇ ಸಲ ದುಬಾರಿ ಚೀಸೇ ರುಚಿ ಇರಬೇಕು ಅಂತ ತುಂಬಾ ಹಳೆಯ ಚೆಡ್ಡರ್ ತಂದು ಮೊದಲೇ ಹಾಕಿ ಪೂರ್ತಿ ಹೊತ್ತು ಬೇಯಿಸಿದೆ. ಮೇಲೆ ಎಣ್ಣೆ ತೇಲಿತು, ಕೆಳಗೆ ರಬ್ಬರ್. ನಾಲ್ಕನೇ ಸಲ ಅಡುಗೆ ಚೆನ್ನಾಗಿಯೇ ಬಂತು. ಬೇಗ ಆರಲಿ ಅಂತ ಬಿಸಿ ಗಾಜಿನ ಟ್ರೇಯನ್ನು ಹಿತ್ತಲ ಬಾಗಿಲಾಚೆ ಹಿಮದ ಮೇಲೆ ಇಟ್ಟೆ. ಫಟ್ ಅಂದಿತು. ಬಿಸಿ ಗಾಜಿನ ಒಂದು ಮೈ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಇನ್ನೊಂದು ಮೈ ಕುಗ್ಗುವುದಿಲ್ಲ, ಎಳೆದಾಟದಲ್ಲಿ ಒಡೆಯುತ್ತದೆ. ಹೈಸ್ಕೂಲಿನಲ್ಲಿ ಓದಿದ್ದೇ. ಹಿಮದ ಮೇಲೆ ಹರಡಿದ ಚೀಸ್ ಕೋಳಿಯನ್ನು ಅಳಿಲು ಬಂದು ಮೂಸಿ ನೋಡಿ ಹೋಯಿತು.

ಆಮೇಲೆ ಒಂದೊಂದಾಗಿ ಅರ್ಥವಾಯಿತು. ನಾನು ಈಗ ಮಾಡುವುದು ಹೀಗೆ.

ಮೂಳೆ ಇಲ್ಲದ ತೊಡೆ ಮಾಂಸ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ. ತೊಡೆಯಲ್ಲಿ ಕೊಬ್ಬು, ನಾರು ಎರಡೂ ಜಾಸ್ತಿ. ಹಾಗಾಗಿ ಐದು ನಿಮಿಷ ಹೆಚ್ಚು ಬೆಂದರೂ ಅದು ನಿಮ್ಮನ್ನು ಕ್ಷಮಿಸುತ್ತದೆ. ಎದೆ ಮಾಂಸ ಕ್ಷಮಿಸುವುದಿಲ್ಲ. ಬೆಳಿಗ್ಗೆ ಕಾಫಿ ಕುದಿಯುವಾಗಲೇ ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಒಂದು ಚಮಚ ಉಪ್ಪು, ಒಂದು ಚಮಚ ಮೆಣಸಿನ ಪುಡಿ, ಚಿಟಿಕೆ ಅರಿಶಿನ ಹಚ್ಚಿ ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ. ಮೆಣಸು ಅಂದರೆ ಕಾಳು ಮೆಣಸು. ಸಂಜೆ ಬಂದವಳೇ ಮೊದಲು ಅವನ್ ಹಾಕುತ್ತೇನೆ, 400 ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 200 ಡಿಗ್ರಿ. ಚಪ್ಪಲಿ ಬಿಡುವ ಮೊದಲು ಅವನ್, ಆಮೇಲೆ ಮಿಕ್ಕದ್ದು.

ಟ್ರೇ ತಳಕ್ಕೆ ದಪ್ಪಗೆ ಹೆಚ್ಚಿದ ಒಂದು ಈರುಳ್ಳಿ ಹರಡಿ, ಅದರ ಮೇಲೆ ಕೋಳಿ ತುಂಡುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸುವುದು. ಅವನ್ ಒಳಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಂದು ಬಟ್ಟಲಲ್ಲಿ ಅರ್ಧ ಕಪ್ ಗಟ್ಟಿ ಮೊಸರು, ಒಂದು ಚಮಚ ಕಾರ್ನ್‌ಫ್ಲೋರ್, ಒಂದೂವರೆ ಕಪ್ ತುರಿದ ಚೀಸ್, ಸಣ್ಣಗೆ ಹೆಚ್ಚಿದ ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಕಲಸಿ ಇಟ್ಟುಕೊಳ್ಳಬೇಕು. ಕಾರ್ನ್‌ಫ್ಲೋರ್ ಬಿಡಬೇಡಿ. ಅದಿಲ್ಲದಿದ್ದರೆ ಬಿಸಿಗೆ ಮೊಸರು ಒಡೆಯುತ್ತದೆ. ಇಪ್ಪತ್ತು ನಿಮಿಷದ ಮೇಲೆ ಟ್ರೇ ತೆಗೆದು ಈ ಗೊಜ್ಜನ್ನು ಕೋಳಿ ಮೇಲೆ ದೋಸೆ ಹಿಟ್ಟಿನ ಹಾಗೆ ಸವರುವುದು. ಮೇಲೆ ಪುಡಿ ಮಾಡಿದ ಬಿಸ್ಕತ್ತು, ಅಂದರೆ ಉಪ್ಪು ಬಿಸ್ಕತ್ತು. ಇನ್ನು ಹದಿನೈದು ನಿಮಿಷ. ಅಷ್ಟೇ.

ಬೆಂದಿದೆಯಾ ಅಂತ ನೋಡಲು ನಾನು ಥರ್ಮಾಮೀಟರ್ ಚುಚ್ಚುತ್ತೇನೆ. ಅಮೆರಿಕದ ಕೃಷಿ ಇಲಾಖೆ ಕೋಳಿಗೆ 165 ಫ್ಯಾರನ್‌ಹೀಟ್ ಅನ್ನುತ್ತದೆ, ಅಂದರೆ 74 ಡಿಗ್ರಿ ಸೆಲ್ಸಿಯಸ್. ತೊಡೆ ಮಾಂಸ ಅದಕ್ಕಿಂತ ಸ್ವಲ್ಪ ಜಾಸ್ತಿ ಬೆಂದರೆ ಇನ್ನೂ ಮೆತ್ತಗಾಗುತ್ತದೆ, ನಾನು 175 ತನಕ ಬಿಡುತ್ತೇನೆ. ಅಮ್ಮನಿಗೆ ಈ ಥರ್ಮಾಮೀಟರ್ ವಿಷಯ ಹೇಳಿದಾಗ, ಕೋಳಿಗೆ ಜ್ವರ ನೋಡ್ತೀಯಾ ಅಂತ ಕೇಳಿದಳು.

ಚೀಸ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಾನು ದುಡ್ಡು ಕಳೆದುಕೊಂಡಿದ್ದು ಅಲ್ಲಿಯೇ. ಚೀಸ್ ಹಳೆಯದಾದಷ್ಟೂ ಅದರಲ್ಲಿ ನೀರು ಕಮ್ಮಿ, ರುಚಿ ಜಾಸ್ತಿ, ಕರಗುವ ಗುಣ ಕಮ್ಮಿ. ಜೋರು ಬಿಸಿಗೆ ಅದರ ಪ್ರೋಟೀನ್ ಬಿಗಿದುಕೊಂಡು ಕೊಬ್ಬನ್ನು ಹೊರಗೆ ದೂಡುತ್ತದೆ. ಎಳೆಯ ಚೆಡ್ಡರ್ ಆದರೆ ಮೆತ್ತಗೆ ಹರಡಿಕೊಳ್ಳುತ್ತದೆ. ಪ್ಯಾಕೆಟ್‌ನಲ್ಲಿ ತುರಿದೇ ಸಿಗುವ ಚೀಸ್‌ಗೆ ಅಂಟಿಕೊಳ್ಳದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಅದರಿಂದ ಕರಗುವುದು ಸ್ವಲ್ಪ ಮೊಂಡು. ಗಟ್ಟಿ ತಂದು ಮನೆಯಲ್ಲಿ ತುರಿದರೆ ಚೆಂದ. ಹಾಗಂತ ಮಂಗಳವಾರ ಸಂಜೆ ಯಾರು ತುರಿಯುತ್ತಾರೆ? ನಾನು ಪ್ಯಾಕೆಟ್ಟೇ ಹಾಕುವುದು. ಅದಕ್ಕೇ ಮೊಸರಿನಲ್ಲಿ ಕಲಸಿಬಿಡುತ್ತೇನೆ, ಆಗ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಮ್ಮ ಬಳಗದಲ್ಲಿ ಸಸ್ಯಾಹಾರಿ ಗೆಳತಿ ಒಬ್ಬಳಿದ್ದಾಳೆ. ಕೋಳಿ ಬದಲು ಏನು ಹಾಕಲಿ ಅಂತ ಕೇಳಿದಳು. ಹೂಕೋಸು ಹಾಕು ಅಂದೆ. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚೀಸ್ ಬದಲು ಪನೀರ್ ತುರಿದು ಹಾಕಿದಳು. ಪನೀರ್ ಕರಗುವುದೇ ಇಲ್ಲ. ನಿಂಬೆಹುಳಿಯೋ ವಿನಿಗರೋ ಹಾಕಿ ಒಡೆದ ಹಾಲಿನ ಗುಣವೇ ಬೇರೆ, ರೆನೆಟ್ ಅನ್ನುವ ಕಿಣ್ವ ಹಾಕಿ ಹೆಪ್ಪಿಸಿದ ಚೀಸಿನ ಗುಣವೇ ಬೇರೆ. ಹೂಕೋಸಿನ ಮೇಲೆ ತೆಂಗಿನತುರಿ ಉದುರಿಸಿದ ಹಾಗೆ ಕಾಣುತ್ತಿತ್ತಂತೆ. ಪಲ್ಯ ಅಂತ ಹೆಸರಿಟ್ಟು ತಿಂದರಂತೆ.

ಊರಲ್ಲಿ ಓಟಿಜಿ, ಅಂದರೆ ಕಟ್ಟೆ ಮೇಲಿಡುವ ಚಿಕ್ಕ ಕರೆಂಟ್ ಅವನ್, ಇಟ್ಟುಕೊಂಡವರಿಗೆ ಒಂದು ಮಾತು. ಅದರ ಕಂಬಿ ಟ್ರೇಗೆ ತುಂಬಾ ಹತ್ತಿರ ಇರುತ್ತದೆ, ಮೇಲೆ ಬೇಗ ಸೀಯುತ್ತದೆ. ಮೊದಲ ಇಪ್ಪತ್ತು ನಿಮಿಷ ಫಾಯಿಲ್ ಮುಚ್ಚಿ. ಚೀಸ್ ಕ್ಯೂಬ್ ಮಾತ್ರ ಹಾಕಿದರೆ ದಾರದ ಹಾಗೆ ಎಳೆಯುವುದಿಲ್ಲ, ಅರ್ಧ ಮೊಝರೆಲ್ಲಾ ಸೇರಿಸಿಕೊಳ್ಳಿ.

ಇಲ್ಲಿನ ಅವನ್‌ಗಳಲ್ಲಿ 'ಬ್ರಾಯ್ಲ್' ಅಂತ ಒಂದು ಗುಂಡಿ ಇದೆ. ಮೇಲಿನ ಕಂಬಿ ಮಾತ್ರ ನಿಗಿನಿಗಿ ಉರಿಯುತ್ತದೆ. ಕೊನೆಗೆ ಎರಡು ನಿಮಿಷ ಅದನ್ನು ಹಾಕಿದರೆ ಚೀಸ್ ಮೇಲೆ ಕಂದು ಚುಕ್ಕೆ ಬರುತ್ತದೆ. ನಮ್ಮೂರಿನಲ್ಲಿ ಬಾಯ್ಲರ್ ಕೋಳಿ, ಬ್ರಾಯ್ಲರ್ ಕೋಳಿ ಅಂತ ಬೈದುಕೊಂಡು ತಿನ್ನುತ್ತೇವಲ್ಲ, ಆ ಹೆಸರು ಬಂದಿದ್ದು ಇಲ್ಲಿಂದಲೇ. ಹೀಗೆ ಉರಿಯ ಕೆಳಗೆ ಬೇಗ ಬೇಯುವ ಎಳೆ ಕೋಳಿ. ಇಷ್ಟು ವರ್ಷ ಅದನ್ನು ಬೈಗುಳ ಅಂದುಕೊಂಡಿದ್ದೆ.

ಇನ್ನು ತೊಳೆಯುವ ವಿಷಯ. ಹಸಿ ಕೋಳಿಯನ್ನು ಸಿಂಕ್‌ನಲ್ಲಿ ತೊಳೆಯಬೇಡಿ, ನೀರು ಸಿಡಿದು ರೋಗಾಣು ಸುತ್ತಮುತ್ತ ಹರಡುತ್ತದೆ, ಅದು ಸಾಯುವುದು ಬಿಸಿಗೆ ಅಂತ ಇಲ್ಲಿನ ಕೃಷಿ ಇಲಾಖೆ ಹೇಳುತ್ತಲೇ ಇರುತ್ತದೆ. ಅಮ್ಮನ ಕೈಯಲ್ಲಿ ಕೋಳಿ ಮೂರು ನೀರು ಕಾಣಬೇಕು, ಅದರಲ್ಲಿ ಒಂದು ಅರಿಶಿನ, ಉಪ್ಪಿನ ನೀರು. ನಾನು ಮೊದಮೊದಲು ತೊಳೆಯುತ್ತಿದ್ದೆ. ಒದ್ದೆ ಕೋಳಿ ಅವನ್‌ನಲ್ಲಿ ಬೇಯುವುದಕ್ಕಿಂತ ನೀರಲ್ಲಿ ಕುದಿಯುವುದೇ ಜಾಸ್ತಿ ಅಂತ ಗೊತ್ತಾದ ಮೇಲೆ ಬಿಟ್ಟೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸುತ್ತೇನೆ. ಅಮ್ಮ ಫೋನಲ್ಲಿ ಕೇಳಿದರೆ, ತೊಳೆದೆ ಅನ್ನುತ್ತೇನೆ. ಮೂರು ಸಲ ತೊಳೆದೆ ಅನ್ನುತ್ತೇನೆ.

ಇದು ಕೋಳಿ ಸಾರಿಗೆ ಸಮ ಅಂತ ನಾನು ಹೇಳುತ್ತಿಲ್ಲ. ಕನಸಲ್ಲೂ ಹೇಳಲಾರೆ. ಇದರಲ್ಲಿ ಮೂಳೆ ಇಲ್ಲ, ಚೀಪುವುದಿಲ್ಲ, ಬೆವರುವುದಿಲ್ಲ. ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಬಾಡು ಅಂತ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಬಟ್ಟಲು ಸಾರು ಪಕ್ಕದ ಮನೆಗೆ ಹೋಗಲೇಬೇಕಿತ್ತು. ಈ ಕೋಳಿಯ ವಾಸನೆ ನಮ್ಮ ಹಾಲ್ ತನಕವೂ ಸರಿಯಾಗಿ ಬರುವುದಿಲ್ಲ. ಯಾವಾಗಲಾದರೂ ಭಾನುವಾರ ಸೊಮಾಲಿಯವರ ಹಲಾಲ್ ಅಂಗಡಿಗೆ ಹೋಗಿ, ಮೂಳೆ ಸಮೇತ ಸಣ್ಣಗೆ ಕತ್ತರಿಸಿಕೊಂಡು ಬಂದು, ಬಿಸಿಲಿದ್ದರೆ ಕಿಟಕಿ ತೆಗೆದು ಸಾರು ಮಾಡುತ್ತೇನೆ. ಅವತ್ತು ನಾನೂ ಅಮ್ಮನ ಹಾಗೆಯೇ. ಮಧ್ಯಾಹ್ನ ಎರಡರ ತನಕ ಒಲೆ ಮುಂದೆ.

ಆದರೆ ಮಂಗಳವಾರ ಟ್ರೇ ಒಳಗೆ ಹೋದ ಮೇಲೆ ನನಗೆ ಮಾಡಲು ಏನೂ ಇರುವುದಿಲ್ಲ. ಮೊದಮೊದಲು ಅದು ಒಗ್ಗುತ್ತಲೇ ಇರಲಿಲ್ಲ. ಅವನ್ ದೀಪ ಹಾಕಿ ಗಾಜಿನಲ್ಲಿ ಇಣುಕುತ್ತಿದ್ದೆ, ಸುಮ್ನೆ ಕಟ್ಟೆ ಒರೆಸುತ್ತಿದ್ದೆ, ಒಂದೆರಡು ಸಲ ಬಾಗಿಲು ತೆಗೆದು ಸೌಟು ಆಡಿಸಿದ್ದೂ ಇದೆ. ಕೋಳಿ ಒಳಗೆ ಬೇಯುತ್ತಿರುವಾಗ ಕೂರುವುದು ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ಯಾವಾಗಲೋ ಅಭ್ಯಾಸವಾಯಿತು. ಗೊಜ್ಜು ಸವರಿ ಎರಡನೇ ಸಲ ಟ್ರೇ ಒಳಗಿಟ್ಟು, ಟೈಮರ್ ತಿರುಗಿಸಿ, ಫೋನ್ ಹಿಡಿದು ಸೋಫಾ ಮೇಲೆ ಕೂರುತ್ತೇನೆ. ಇಲ್ಲಿ ಸಂಜೆ ಆರೂಕಾಲು. ಚಳಿಗಾಲದ ಲೆಕ್ಕದಲ್ಲಿ ಊರಲ್ಲಿ ಬುಧವಾರ ಬೆಳಿಗ್ಗೆ ಐದೂ ಮುಕ್ಕಾಲು. ಅಮ್ಮ ಎದ್ದು ಬಾಗಿಲಿಗೆ ನೀರು ಹಾಕಿ ಬಂದಿರುತ್ತಾಳೆ.

ವಿಡಿಯೋದಲ್ಲಿ ಅವಳ ಅರ್ಧ ಹಣೆ, ಹಿಂದೆ ಅಡುಗೆಮನೆಯ ಗೋಡೆ. ಅವಳು ನಿಂತೇ ಮಾತಾಡುವುದು, ಒಲೆ ಮೇಲೆ ಹಾಲು ಇರುತ್ತದಲ್ಲ. ಮಳೆ ಬಂತಾ, ಕಬ್ಬು ಕಡಿದರಾ, ಮೊಮ್ಮಗಳು ಏನು ಮಾಡ್ತಾ ಅವ್ಳೆ, ಇಷ್ಟೇ ಮಾತು. ಹೋದ ವಾರ ಮಾತಿನ ಮಧ್ಯೆ ಕೇಳಿದಳು.

"ಏನ್ ಕೂತಿದ್ದೀಯ, ಅಡ್ಗೆ ಮಾಡ್ಲಿಲ್ವಾ?"

"ಆಯ್ತಾ ಇದೆ ಕಣಮ್ಮ, ಒಳಗಿದೆ."

"ಆ ಗಿಣ್ಣು ಕೋಳಿನಾ?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಫೋನ್ ಅಲ್ಲಾಡಿತು, ಸೂರು ಕಂಡಿತು, ಏನೋ ಎಳೆದ ಸದ್ದಾಯಿತು. ಆಮೇಲೆ ಅವಳ ಪೂರ್ತಿ ಮುಖ ಬಂತು, ಸ್ವಲ್ಪ ಕೆಳಗಿನಿಂದ. ಮಣೆ ಎಳೆದುಕೊಂಡು ಕೂತಿದ್ದಳು.

"ಇನ್ನೆಷ್ಟೊತ್ತು ಐತೆ ನಿಂದು?"

"ಹನ್ನೊಂದು ನಿಮಿಷ."

"ಸರಿ ಹೇಳು," ಅಂದಳು. ಹಿಂದೆ ಹಾಲು ಉಕ್ಕುವ ಸದ್ದು ನನಗೇ ಮೊದಲು ಕೇಳಿಸಿತು.